ಕೊಕ್ಕರ್ಣೆಗೆ ಹೋದ ಕುಂಬಳದ ಕಾರ್ಡು

ಮೊನ್ನೆ ರವಿಕೆಗೊಂದು ಹುಕ್ಕು ಬೇಕಾಗಿ ಹೊಲಿಗೆ ಡಬ್ಬಿ ತೆರೆದೆ. ಹುಕ್ಕು ಸಿಗಲಿಲ್ಲ. ನಮ್ಮ ಮನೆಯಲ್ಲಿ ಹುಡುಕಿದ್ದು ಸಿಗುವ ಪದ್ಧತಿಯೇ ಇಲ್ಲ. ಬದಲಿಗೆ ನೂಲಿನುಂಡೆಗಳ ಅಡಿಯಲ್ಲಿ ಮಡಚಿಟ್ಟ ಗುಲಾಬಿ ಬಣ್ಣದ ಕಾರ್ಡೊಂದು ಸಿಕ್ಕಿತು. ಮಕ್ಕಳ ತೂಕ, ಇಂಜೆಕ್ಷನ್ನಿನ ದಿನ ಬರೆಯುವ ಕಾರ್ಡು. ಅಕ್ಷರ ನನ್ನದೇ. ಮೊದಲ ಸಾಲು ಹೀಗಿದೆ: 'ಆರು ವಾರ. ನಾಲ್ಕು ಕಿಲೋ ನೂರು ಗ್ರಾಂ. ತೊಡೆಗೆ ಇಂಜೆಕ್ಷನ್, ಬಾಯಿಗೆ ಪೋಲಿಯೋ ಹನಿ.' ಇಲ್ಲಿಯವರೆಗೆ ಎಲ್ಲವೂ ಸರಿ. ಎರಡೇ ದಿನ ಬಿಟ್ಟು ಎರಡನೇ ಸಾಲಿನಲ್ಲಿ ಮಗು ನಾಲ್ಕು ಕಿಲೋ ಆರುನೂರು ಗ್ರಾಂ ಆಗಿದೆ. ಐದನೇ ಸಾಲಿಗೆ ಏಳು ಕಿಲೋ. ಆರನೇ ಸಾಲು: 'ಕೊಲ್ಲೂರಿಗೆ ಒಪ್ಪಿಸಲಾಯಿತು. ಹುಳಿ ಚೆನ್ನಾಗಿ ಆಗಿತ್ತಂತೆ.'

ಗಾಬರಿಯಾಗಬೇಡಿ. ಯಾವ ಮಗುವಿಗೂ ಏನೂ ಆಗಿಲ್ಲ. ಆದದ್ದೆಲ್ಲ ನನಗೆ. ಅದನ್ನೇ ಹೇಳಹೊರಟಿದ್ದೇನೆ.

ಇವರು ಮಕ್ಕಳ ಡಾಕ್ಟರು. 'ಇವರು' ಅಂದರೆ ಯಾರೆಂದು ನಿಮಗೆ ತಿಳಿಯಿತಲ್ಲ. ಕಾನ್ವೆಂಟಿನಲ್ಲಿ ಕಲಿತರೂ ಗಂಡನ ಹೆಸರು ನಾಲಿಗೆಗೆ ಬರುವುದಿಲ್ಲ. ಬ್ಯಾಂಕಿನ ಫಾರಂ ತುಂಬುವಾಗಲೂ ಬರೆದು ತೋರಿಸುತ್ತೇನೆ. ಕುಂದಾಪುರದಲ್ಲಿ ಮನೆಯ ಮುಂಭಾಗವೇ ಇವರ ಕ್ಲಿನಿಕ್ಕು. ಮಂಗಳವಾರ ಮಧ್ಯಾಹ್ನ ಬೈಂದೂರು, ಶುಕ್ರವಾರ ಮಧ್ಯಾಹ್ನ ಬ್ರಹ್ಮಾವರ. ಉಳಿದ ಹೊತ್ತೆಲ್ಲ ದೇವರಿಗೆ, ಮಕ್ಕಳಿಗೆ ಮತ್ತು ಆಯಾ ಕಾಲದ ಹುಚ್ಚಿಗೆ.

ದೇವರೆಂದರೆ ಕೊಲ್ಲೂರಮ್ಮ. ತಿಂಗಳಿಗೊಮ್ಮೆಯಾದರೂ ಕೊಲ್ಲೂರಿಗೆ ಹೋಗದಿದ್ದರೆ ಇವರಿಗೆ ಸ್ಟೆತಾಸ್ಕೋಪಿನಲ್ಲಿ ಸರಿಯಾಗಿ ಕೇಳಿಸುವುದಿಲ್ಲವಂತೆ. ಪ್ರತಿ ಇಂಜೆಕ್ಷನ್ನಿಗೂ ಮುಂಚೆ ಕಣ್ಣು ಮುಚ್ಚಿ 'ಅಮ್ಮಾ ತಾಯೇ' ಅನ್ನುತ್ತಾರೆ. ಭಕ್ತಿ ಒಳ್ಳೆಯದೇ. ಆದರೆ ಮಕ್ಕಳು ಬುದ್ಧಿವಂತರು, ಎರಡನೇ ಸಲಕ್ಕೇ ಗುಟ್ಟು ತಿಳಿದುಬಿಡುತ್ತಿತ್ತು. ಸೂಜಿ ಕಾಣುವ ಮೊದಲೇ, 'ಅಮ್ಮಾ' ಎಂದೊಡನೆ ಅಳು ಶುರು. ಒಮ್ಮೆ ಕೊಲ್ಲೂರಿನಲ್ಲಿ ಮಂಗಳಾರತಿಯ ಹೊತ್ತಿಗೆ ಯಾರೋ ಭಕ್ತರು ಗದ್ಗದರಾಗಿ 'ಅಮ್ಮಾ ತಾಯೇ' ಎಂದರು. ಸಾಲಿನಲ್ಲಿ ತಾಯಂದಿರ ಸೊಂಟದ ಮೇಲಿದ್ದ ಮೂರು ಮಕ್ಕಳು ಒಟ್ಟಿಗೇ ಕಿಟಾರನೆ ಕಿರುಚಿಕೊಂಡವು. ಮೂರೂ ನಮ್ಮ ಬೈಂದೂರು ಕ್ಲಿನಿಕ್ಕಿನವು. ಇವರು ಕಂಬದ ಮರೆಗೆ ಸರಿದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಊರಿನ ಮಕ್ಕಳಿಗೆಲ್ಲ ಚುಚ್ಚುವ ಇವರಿಗೆ ನಮ್ಮ ಇಬ್ಬರು ಹೆಣ್ಣುಮಕ್ಕಳಿಗೆ ಮಾತ್ರ ಚುಚ್ಚಲಾಗುತ್ತಿರಲಿಲ್ಲ. ಅದಕ್ಕೆ ಇನ್ನೊಬ್ಬ ಡಾಕ್ಟರರ ಬಳಿ ಹೋಗುತ್ತಿದ್ದೆವು. ಅಲ್ಲಿ ಹುಡುಗಿಯರು ಧೈರ್ಯವಾಗಿ ತೋಳು ಚಾಚಿದರೆ ಇವರು ಹೊರಗೆ ಬೀದಿಯಲ್ಲಿ ನಿಂತು ಬಸ್ಸುಗಳ ಬೋರ್ಡು ಓದುತ್ತಿದ್ದರು.

ಇನ್ನು ಹುಚ್ಚುಗಳು. ನಾನು ಮದುವೆಯಾಗಿ ಬಂದಾಗ ಗಡಿಯಾರ ರಿಪೇರಿಯ ಕಾಲ. ಮನೆಯಲ್ಲಿ ಐದು ಗಡಿಯಾರ, ಐದು ಹೊತ್ತು. ಆಮೇಲೆ ಜೇನು ಸಾಕಿದರು. ಒಂದು ದಿನ ಎರಡು ರೆಪ್ಪೆಯೂ ಊದಿ, ಕೆಳತುಟಿ ಇಳಿಬಿದ್ದು ಕ್ಲಿನಿಕ್ಕಿನಲ್ಲಿ ಕೂತಾಗ ಯಾವ ಮಗುವೂ ಅಳಲಿಲ್ಲ, ಬೆರಗಿನಿಂದ ನೋಡುತ್ತಾ ಸುಮ್ಮನೆ ಚುಚ್ಚಿಸಿಕೊಂಡವು. ಕ್ಲಿನಿಕ್ಕಿನ ಅತ್ಯಂತ ಶಾಂತವಾದ ದಿನ ಅದು. ಜೇನಿನ ನಂತರ ತರಕಾರಿ. ಅದು ಇವತ್ತಿಗೂ ಬಿಟ್ಟಿಲ್ಲ.

ಮಕ್ಕಳ ಡಾಕ್ಟರು ತರಕಾರಿ ಬೆಳೆದರೆ ಹೇಗಿರುತ್ತದೆ ಗೊತ್ತೇ? ಬಾವಿಕಟ್ಟೆಯ ಪಕ್ಕದ ಚಪ್ಪರಕ್ಕೆ ಬೂದುಗುಂಬಳದ ಬಳ್ಳಿ ಹಬ್ಬಿಸಿದರು. ಕಾಯಿ ತೂಗತೊಡಗಿದ ಕೂಡಲೇ ಅದರ ಕೆಳಗೆ ಬಟ್ಟೆಯ ಜೋಳಿಗೆ ಕಟ್ಟಿದರು. ಅಂಗನವಾಡಿಯಲ್ಲಿ ಮಕ್ಕಳನ್ನು ತೂಗುವ ಕೊಕ್ಕೆಯ ತಕ್ಕಡಿಯಿದೆಯಲ್ಲ, ಅದಕ್ಕೆ ಆ ಜೋಳಿಗೆಯನ್ನು ಸಿಕ್ಕಿಸಿ, ತೊಟ್ಟು ನೋಯದ ಹಾಗೆ ತೂಕ. ಮಕ್ಕಳ ತಲೆ ಅಳೆಯುವ ಟೇಪಿನಿಂದ ಸುತ್ತಳತೆ. ಒಂದು ಸಲ ಪ್ರೆಸ್ಸಿನವನು ಕಾರ್ಡುಗಳ ಒಂದು ಕಟ್ಟನ್ನು ನಂಬರಿಲ್ಲದೆ ಅಚ್ಚು ಹಾಕಿದ್ದ. ಅವೆಲ್ಲ ತರಕಾರಿಗಳ ಪಾಲಾದವು. ಒಂದೊಂದು ಕಾಯಿಗೂ ಒಂದೊಂದು ಕಾರ್ಡು. ಹೆಸರಿಡುವುದು ನಮ್ಮ ಹುಡುಗಿಯರ ಕೆಲಸ. ಬರೆಯುವುದು ನನ್ನದು.

ಬರೆಯುವುದು ಯಾವತ್ತೂ ನನ್ನದೇ. ಇವರ ಅಕ್ಷರವನ್ನು ಭೂಮಿಯ ಮೇಲೆ ಓದಬಲ್ಲವಳು ನಾನೊಬ್ಬಳು. ಹಾಗಾಗಿ ಇವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಕುಂದಾಪುರದಲ್ಲೂ, ಶುಕ್ರವಾರ ಇವರೊಟ್ಟಿಗೆ ಬ್ರಹ್ಮಾವರಕ್ಕೆ ಹೋಗಿಯೂ. ಹಳೆಯ ಕಾರ್ಡನ್ನು ಗಟ್ಟಿಯಾಗಿ ಓದಿ ಹೇಳುವವಳೂ ನಾನೇ. ಕಾನ್ವೆಂಟಿನಲ್ಲಿ ಸಿಸ್ಟರು ನಾಲ್ಕು ಗೆರೆಯ ಕಾಪಿ ಬರೆಸಿ ಬರೆಸಿ ನನ್ನ ಬೆರಳನ್ನು ಪಳಗಿಸಿದ್ದರು. 'ನಿನ್ನ ಅಕ್ಷರ ನೋಡಿದರೇ ನೀನು ಸುಳ್ಳು ಹೇಳುವವಳಲ್ಲ ಅಂತ ತಿಳಿಯುತ್ತದೆ' ಎನ್ನುತ್ತಿದ್ದರು. ಆ ಮಾತನ್ನು ನಾನೂ ನಂಬಿದ್ದೆ. ಇವರಂತೂ ಕಂಡವರಿಗೆಲ್ಲ ಸಾರುತ್ತಿದ್ದರು: 'ನನ್ನ ಹೆಂಡ್ತಿ ಬರೆದ ಕಾರ್ಡಿನಲ್ಲಿ ಈ ತನಕ ಒಂದೇ ಒಂದು ತಪ್ಪಿಲ್ಲ.' ಬೈಂದೂರಿನ ತಾಯಂದಿರಿಗೆ ಹೇಳಿದರು, ಔಷಧದ ಕಂಪನಿಯ ಹುಡುಗರಿಗೆ ಹೇಳಿದರು, ಕೊಲ್ಲೂರಿನ ಅರ್ಚಕರಿಗೂ ಹೇಳಿದರು.

ತೊಂಬತ್ತೆಂಟರ ಸುಮಾರಿನ ಒಂದು ಶುಕ್ರವಾರ. ಗದ್ದೆ ಕೊಯ್ಲು ಮುಗಿದ ದಿನಗಳು. ಬೆಳಿಗ್ಗೆ ಆ ವರ್ಷದ ಮೊದಲ ಕುಂಬಳವನ್ನು ತೂಗಿದೆವು. ಮೊದಲ ಕಾಯಿ ಯಾವಾಗಲೂ ಕೊಲ್ಲೂರಿನ ಅನ್ನದಾನದ ಅಡುಗೆಗೆ ಮೀಸಲು. ಮೈಮೇಲೆ ಬೂದಿ ಹಿಡಿಯತೊಡಗಿತ್ತು. ಮಿಂದು ಪೌಡರ್ ಹಾಕಿಸಿಕೊಂಡ ಮಗುವಿನ ಹಾಗೆಯೇ. ಹೆಸರಿನ ವಿಷಯದಲ್ಲಿ ಹುಡುಗಿಯರಲ್ಲಿ ಜಗಳ ಮುಗಿದಿರಲಿಲ್ಲವಾದ್ದರಿಂದ ಕಾರ್ಡಿನ ಮೇಲೆ ಸದ್ಯಕ್ಕೆ 'ಬೇಬಿ' ಎಂದಷ್ಟೇ ಬರೆದಿದ್ದೆ. ಇವರು ಮಗುವಿನ ಕಾರ್ಡಿಗೆ ಹೇಳುವ ಗತ್ತಿನಲ್ಲೇ ಹೇಳಿದರು, ನಾನು ಬರೆದೆ: 'ನಾಲ್ಕು ಕಿಲೋ ಇನ್ನೂರು ಗ್ರಾಂ. ಸುತ್ತಳತೆ ಐವತ್ತಾರು ಸೆಂಟಿಮೀಟರು. ಒಂದು ಮಗ್ಗುಲಿಗೆ ಬಿಸಿಲು ಸಾಲದು. ದಿನಾ ಬೆಳಿಗ್ಗೆ ಮಗ್ಗುಲು ಬದಲಿಸುವುದು. ಕೆಳಗೆ ಒಣಹುಲ್ಲು ಹಾಸುವುದು. ಮೈಮೇಲಿನ ಬೂದಿ ಒರೆಸಬಾರದು. ಬಲಿತ ಮೇಲೆ ಕೊಲ್ಲೂರಿಗೆ.'

ಆಮೇಲೆ ತೆಗೆದಿಡೋಣವೆಂದು ಕಾರ್ಡನ್ನು ನನ್ನ ಬಟ್ಟೆಯ ಚೀಲಕ್ಕೆ ಸೇರಿಸಿದೆ. ಚೀಲ ಬ್ರಹ್ಮಾವರಕ್ಕೆ ಬಂತು. ಅಲ್ಲಿ ಕೊಕ್ಕರ್ಣೆಯ ಗಿರಿಜಾ ಎಂಬ ಹುಡುಗಿ ಆರು ವಾರದ ಚೊಚ್ಚಲ ಮಗುವನ್ನು ತಂದಿದ್ದಳು. ನಾಮಕರಣ ಆಗಿರಲಿಲ್ಲ. ನಂಬರಿನ ಕಾರ್ಡುಗಳು ಮುಗಿದಿದ್ದವು. ನಂಬರಿಲ್ಲದ್ದರಲ್ಲೇ 'ಬೇಬಿ' ಎಂದು ಬರೆದೆ. ಹೊರಡುವಾಗ ಕೊಡೋಣವೆಂದು ಅದನ್ನೂ ಚೀಲಕ್ಕೆ ಹಾಕಿದೆ. ಚೀಲದೊಳಗೆ ಎರಡು ಬೇಬಿಗಳು. ಮುಂದಿನದನ್ನು ನೀವೇ ಊಹಿಸಿದಿರಿ.

ನನಗೆ ಮಾತ್ರ ಊಹೆ ಬರಲು ಭಾನುವಾರದವರೆಗೆ ಬೇಕಾಯಿತು. ಇವರು ಜೋಳಿಗೆಯನ್ನು ಕೊಕ್ಕೆಗೆ ಸಿಕ್ಕಿಸಿಕೊಂಡು ಕೂಗಿದರು: "ಹ್ವಾಯ್, ಕುಂಬ್ಳದ್ ಕಾರ್ಡ್ ತಕಂಡ್ ಬಾ. ನಾಲ್ಕ್ ಕಿಲೋ ಆರ್ನೂರ್, ಬರ್ಕೋ."

ಕಾರ್ಡು ಬಿಡಿಸಿದೆ. 'ಬಾಯಿಗೆ ಪೋಲಿಯೋ ಹನಿ' ಎಂದಿತ್ತು. ಕುಂಬಳದ ಕಾರ್ಡು ಗಿರಿಜೆಯ ಕೈಗೆ ಹೋಗಿದೆ.

"ಬರ್ದ್ಯಾ?"

"ಹೂಂ" ಎಂದು ಬರೆದೇಬಿಟ್ಟೆ. ಹಾಗೆ ಹುಟ್ಟಿದ್ದು ಈ ಕಾರ್ಡಿನ ಎರಡನೇ ಸಾಲು.

ಕಾನ್ವೆಂಟಿನ ದಿನಗಳಲ್ಲಿ ನನಗೆ ಕ್ರೈಸ್ತ ಗೆಳತಿಯರನ್ನು ಕಂಡರೆ ಹೊಟ್ಟೆಕಿಚ್ಚು. ಅವರಿಗೆ ಪಾಪನಿವೇದನೆಯ ಪೆಟ್ಟಿಗೆಯಿತ್ತು. ವಾರವಿಡೀ ಮಾಡಬೇಕಾದ್ದೆಲ್ಲ ಮಾಡಿ, ಶನಿವಾರ ಜಾಲರಿಗೆ ಬಾಯಿಟ್ಟು ಪಿಸುಗುಟ್ಟಿ ಹಗುರಾಗಿ ಬರುತ್ತಿದ್ದರು. ನಾವೋ, ಕದ್ದ ಒಂದು ನೆಲ್ಲಿಕಾಯಿಯನ್ನೂ ವರ್ಷಗಟ್ಟಲೆ ಹೊತ್ತುಕೊಂಡು ತಿರುಗಬೇಕು. ಆ ಭಾನುವಾರ ಇವರಿಗೆ ಹೇಳಿಬಿಡಬೇಕೆಂದು ಎರಡು ಸಲ ಬಾಯಿ ತೆರೆದೆ. ಎರಡೂ ಸಲ 'ಒಂದೇ ಒಂದು ತಪ್ಪಿಲ್ಲ' ಎನ್ನುವ ಇವರ ಮುಖ ಕಣ್ಣೆದುರು ಬಂತು. ಬಾಯಿ ಮುಚ್ಚಿದೆ.

ಆದರೆ ನನ್ನ ಮಾನ ಹಾಗಿರಲಿ, ಆ ಮಗುವಿಗೆ ಎರಡನೇ ಡೋಸು ಬ್ರಹ್ಮಾವರದಲ್ಲಿ ನಾಲ್ಕು ವಾರಕ್ಕೆ ಬೀಳಬೇಕು. ಆ ದಿನಾಂಕ ಬರೆದ ಕಾರ್ಡು ನನ್ನ ಕೈಯಲ್ಲಿದೆ. ಅವರ ಕೈಯಲ್ಲಿರುವುದರಲ್ಲಿ ಒಣಹುಲ್ಲು ಹಾಸಲು ಬರೆದಿದೆ. ಆ ಮನೆಗೆ ಫೋನಿಲ್ಲ.

ಸೋಮವಾರ ಬೆಳಿಗ್ಗೆ, "ಕೊಕ್ಕರ್ಣೆಲಿ ನನ್ ಕಾನ್ವೆಂಟಿನ್ ಫ್ರೆಂಡಿಗೆ ಹುಷಾರಿಲ್ಲೆ ಅಂಬ್ರ್, ಕಂಡ್ಕಂಡ್ ಬತ್ತೆ" ಎಂದೆ.

"ಕೊಕ್ಕರ್ಣೆಲಿ ನಿಂಗ್ಯಾರ್ ಫ್ರೆಂಡ್?"

"ಮದಿ ಆಯ್ ಗಂಡನ್ ಮನಿಗೆ ಹೋದ್ದ್" ಎಂದು ಬಸ್ಸು ಹತ್ತಿದೆ.

ಬ್ರಹ್ಮಾವರದಲ್ಲಿ ಬಸ್ಸು ಬದಲಿಸಿ, ಕೊಕ್ಕರ್ಣೆಯಲ್ಲಿ ಇಳಿದು, ಅಂಗಡಿಯಲ್ಲಿ ಕೇಳಿ, ಕೊಯ್ದ ಗದ್ದೆಯ ಅಂಚಿನಲ್ಲಿ ಸೀರೆ ಎತ್ತಿ ಹಿಡಿದು ಗಿರಿಜೆಯ ಮನೆ ತಲುಪಿದೆ. ಅಂಗಳದ ಎಳೆಬಿಸಿಲಿನಲ್ಲಿ ಚಾಪೆ. ಚಾಪೆಯ ಕೆಳಗೆ ದಪ್ಪಕ್ಕೆ ಒಣಹುಲ್ಲು. ಮೇಲೆ ಮಗು, ಎಡಮಗ್ಗುಲಾಗಿ. ಹಣೆ, ಎದೆ, ಹೊಟ್ಟೆ, ಎಲ್ಲ ಕಡೆ ಬೂದಿ. ಪಕ್ಕದಲ್ಲಿ ಕಾಲು ಚಾಚಿ ಕುಳಿತ ಗಿರಿಜೆಯ ಅತ್ತೆ ಮಗುವನ್ನು ಮೆಲ್ಲಗೆ ಬಲಮಗ್ಗುಲಿಗೆ ತಿರುಗಿಸುತ್ತಿದ್ದರು.

"ಓ, ಡಾಕ್ಟ್ರಮ್ಮ! ಬನಿ ಬನಿ, ಕೂಕಣಿ. ಹೆಣೆ ಗಿರಿಜಾ, ಆಸ್ರಿಗೆ ತಕಂಡ್ ಬಾ. ಕಾಣಿ ಅಮ್ಮ, ನೀವ್ ಬರ್ದಂಗೇ ಮಾಡ್ತಿತ್. ಒಂಚೂರೂ ತಪ್ಸ್ಲಿಲ್ಲೆ."

"ಅಲ್ಲ, ಆ ಕಾರ್ಡು ಒಂದು ಸಲ..." ಎಂದು ಶುರು ಮಾಡಿದೆ.

ಮಗುವಿನ ಅಜ್ಜಿಗೆ ಕೇಳಿಸಿಕೊಳ್ಳುವ ಮನಸ್ಸಿರಲಿಲ್ಲ. "ನಿಮ್ಗೆ ಸತ್ಯ ಹೇಳ್ತೆ. ಸೂಜಿ ಚುಚ್ಚಿದ್ ರಾತ್ರಿ ಮಗಿಗ್ ಜ್ವರ ಬಂದಿತ್. ಇನ್ನ್ ಆ ಡಾಕ್ಟ್ರ್ ಮನಿ ಮೆಟ್ಲ್ ಹತ್ತುಕಾಗ ಅಂದ್ ನಾನ್ ಹೇಳಿದ್ದೆ. ಈ ಮಗು ನಮ್ಗೆ ಎಷ್ಟೊಂದ್ ಹರ್ಕಿ ಹೊತ್ ಸಿಕ್ಕದ್ದ್! ಮರ್ದಿನ ಗಿರಿಜಾ ಕಾರ್ಡ್ ಓದಿ ಹೇಳ್ಳ್. ಬೂದಿ ಒರ್ಸುಕಾಗ ಅಂದ್ ಬರ್ದಿರ್! ಯಾವ್ ಡಾಕ್ಟ್ರ್ ಬರಿತ್ರ್ ಹಾಂಗೆ? ಆ ನರ್ಸಮ್ಮ ಬಂದ್ರೆ ಬೂದಿ ತೆಗಿನಿ, ಕಣ್ಕಪ್ಪ್ ತೆಗಿನಿ ಅಂದ್ ನಂಗೇ ಬಯ್ತ್ರ್. ನಿಮ್ ಯಜಮಾನ್ರಿಗೆ ದೇವ್ರ್ ಇತ್ತ್. ಬಲ್ತ್ ಮೇಲೆ ಕೊಲ್ಲೂರಿಗೆ ಅಂದಿರ್, ಮೂರ್ ತಿಂಗ್ಳ್ ತುಂಬ್ದ್ ಕೂಡ್ಲೇ ಕರ್ಕಂಡ್ ಹೋತ್. ಇನ್ನ್ ಅವ್ರ್ ಎಷ್ಟ್ ಸೂಜಿ ಬೇಕಾರೂ ಚುಚ್ಲಿ!"

"ತಲೆಯ ಸುತ್ತಳತೆ..." ಎಂದೆ, ಕ್ಷೀಣವಾಗಿ. ಆರು ವಾರದ ಮಗುವಿಗೆ ಅದು ನಲವತ್ತೂ ಇರುವುದಿಲ್ಲ.

"ಐವತ್ತಾರಂಬ್ರ್. ತಲಿ ದೊಡ್ಡ್, ಬುದ್ವಂತಿ ಆತ್ಳ್. ನಮ್ ಕಡಿ ತಲೆಯೇ ಹಾಂಗೆ."

ಬೆಲ್ಲ, ನೀರು ತಂದಿಟ್ಟ ಗಿರಿಜಾ ತಲೆಯೆತ್ತಲಿಲ್ಲ. ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಿದ್ದಳು. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿ. "ಅಮ್ಮ, ಬಸ್ಸಿನ್ ದಾರಿ ತೋರ್ಸ್ತೆ ಬನಿ" ಎಂದು ನನ್ನನ್ನು ಗದ್ದೆಯ ಅಂಚಿಗೆ ಕರೆತಂದವಳು ಕೇಳಿದಳು:

"ನಿಜ ಹೇಳಿ, ಅದ್ ಎಂತದ್ರ್ ಕಾರ್ಡ್?"

ಸುತ್ತ ನೋಡಿದೆ. ಜಾಲರಿಯಿಲ್ಲ, ಪೆಟ್ಟಿಗೆಯಿಲ್ಲ, ಎರಡು ಕೊಕ್ಕರೆಗಳು ಮಾತ್ರ. "ಕುಂಬಳಕಾಯಿದು" ಎಂದೆ.

ಗಿರಿಜಾ ಅಂಚಿನ ಮೇಲೆ ಕುಕ್ಕರಗಾಲಿನಲ್ಲಿ ಕೂತೇಬಿಟ್ಟಳು. ನಗು ಹೊರಗೆ ಬಾರದೆ ಕಣ್ಣಿನಿಂದ ಸುರಿಯುತ್ತಿತ್ತು. "ಒಣಹುಲ್ ಅಂದ್ ಓದುವತಿಗೇ ನಂಗೆ ಸಂಶಯ ಬಂದಿತ್" ಎಂದಳು. ನಾನೂ ಕೂತೆ. ನಗು ಮುಗಿದ ಮೇಲೆ ಅವಳು ನನ್ನ ಕೈ ಹಿಡಿದುಕೊಂಡಳು.

"ಅತ್ತೆಗೆ ಹೇಳ್ಬೇಡಿ ಅಮ್ಮ. ಈಗಳ್ ಅವ್ರೇ ಇಂಜೆಕ್ಷನ್ನಿಗ್ ಹೋಯ್ಕ್ ಅಂತಿದ್ರ್. ಕುಂಬ್ಳಕಾಯಿ ಅಂದ್ ತಿಳ್ದ್ರೆ ಮಗಿನ್ ಹೊಸ್ಲ್ ದಾಟ್ಸುದಿಲ್ಲೆ."

ಮಡಿಲಿನಿಂದ ಕಾರ್ಡು ತೆಗೆದು ಕೊಟ್ಟಳು. ನನ್ನಲ್ಲಿದ್ದ ಅಸಲು ಕಾರ್ಡನ್ನು ಕೊಟ್ಟು ಇದನ್ನು ಪಡೆಯಲೆಂದೇ ನಾನು ಬಂದದ್ದು. ಆದರೆ ಈ ಕುಂಬಳದ ಕಾರ್ಡನ್ನು ಅಜ್ಜಿ ಆಗಲೇ ದೇವರ ಮುಂದಿಟ್ಟು ಕುಂಕುಮ ಹಚ್ಚಿಯಾಗಿತ್ತು, ಬದಲಿಸಿದರೆ ತಿಳಿದುಬಿಡುತ್ತಿತ್ತು. ಗದ್ದೆಯ ಅಂಚಿನಲ್ಲಿ, ಮೊಣಕಾಲ ಮೇಲಿಟ್ಟು, ಕುಂಬಳದ ಕಾರ್ಡಿನಲ್ಲೇ ತಾಯಿಯ ಹೆಸರು, ಕೊಟ್ಟ ಇಂಜೆಕ್ಷನ್ನು, ಮುಂದಿನ ದಿನಾಂಕ ಎಲ್ಲ ಬರೆದೆ. ನಾಲ್ಕು ಗೆರೆಯ ಕಾಪಿಯ ಅದೇ ಅಕ್ಷರ. ಸಿಸ್ಟರು ನೋಡಿದ್ದರೆ ಮೆಚ್ಚುತ್ತಿದ್ದರು, ಅದೇ ದುಃಖ.

ಆ ನಾಲ್ಕು ವಾರ ನಾನು ಹೇಗಿದ್ದೆನೆಂದು ಕೇಳಬೇಡಿ. ಕುಂಬಳ ಹಾಯಾಗಿ ಏಳು ಕಿಲೋ ಆಗಿ ಇವರ ತೊಡೆಯ ಮೇಲೆ ಕುಳಿತು ಕೊಲ್ಲೂರಿಗೆ ಹೋಯಿತು. ನಾನು ಅರ್ಧ ಕಿಲೋ ಇಳಿದೆ. ಅಜ್ಜಿ ಬರುತ್ತಾರೋ, ಬರುವುದಿಲ್ಲವೋ.

ಬಂದರು. ಮಗು, ಸೊಸೆ, ಕಾರ್ಡು ಸಮೇತ. ಬ್ರಹ್ಮಾವರದಲ್ಲಿ ಅವರ ಸರದಿ ಬಂತು. ಕಾರ್ಡನ್ನು ಮೊದಲು ನಾನೇ ಕಸಿದುಕೊಂಡು, ಇವರಿಗೆ ಬೇಕಾದಷ್ಟನ್ನೇ ಓದಿ ಹೇಳಿದೆ. ಇವರು 'ಅಮ್ಮಾ ತಾಯೇ' ಎಂದರು, ಮಗು ಅತ್ತಿತು, ಡೋಸು ಬಿತ್ತು. ಬದುಕಿದೆ ಅಂದುಕೊಂಡೆ. ಆಗ ಅಜ್ಜಿ ಶುರು ಮಾಡಿದರು.

"ಡಾಕ್ಟ್ರೇ, ನೀವ್ ಬರ್ಸಿದಂಗೇ ನಡ್ಕಂಡಿತ್. ಬಿಸ್ಲಿಗ್ ಹಾಕಿ ಮಗ್ಗ್ಲ್ ತಿರ್ಗ್ಸಿತ್. ಬೂದಿ ಒರ್ಸ್ಲಿಲ್ಲೆ. ಇನ್ನ್ ಮೂರ್ ತಿಂಗ್ಳ್ ತುಂಬ್ದ್ ಕೂಡ್ಲೇ ಕೊಲ್ಲೂರಿಗೆ ಹೋತ್. ಅಲ್ಲೇ ಹೆಸ್ರ್ ಇಡುದ್, ಅಂಬಿಕಾ ಅಂದ್."

ಇವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ನಾನ್ ಬರ್ಸಿದ್ನಾ?"

"ಹೂಂ. ನೀವೇ ಹೇಳಿದ್ದು, ನಾನೇ ಬರೆದದ್ದು" ಎಂದೆ. ಗಮನಿಸಿ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ.

ಇವರಿಗೆ ನೆನಪು ಕೈಕೊಟ್ಟಿತೆಂದು ಒಪ್ಪಿಕೊಳ್ಳುವುದಕ್ಕಿಂತ ಬಿಗುಮಾನ ದೊಡ್ಡದು. "ಹೌದ್ ಹೌದ್," ಎಂದರು, ಗಂಭೀರವಾಗಿ. "ಹಾಂಗೇ ಮಾಡ್ಕ್." ಅಷ್ಟಕ್ಕೇ ನಿಲ್ಲಲಿಲ್ಲ. ಮರುದಿನವೇ ಕುಂದಾಪುರದ ಕ್ಲಿನಿಕ್ಕಿನಲ್ಲಿ ಒಬ್ಬ ತಾಯಿಗೆ, 'ಎಳೆಬಿಸಿಲಿನಲ್ಲಿ ಮಗ್ಗುಲು ಬದಲಿಸಿ ಮಲಗಿಸಮ್ಮ' ಎಂದು ಹೇಳುವುದು ನನ್ನ ಕಿವಿಗೇ ಬಿತ್ತು.

ಅಲ್ಲಿಂದ ಹನ್ನೆರಡು ವರ್ಷ ಆ ಕಾರ್ಡನ್ನು ಇವರ ಕೈಗೆ ಸಿಗದ ಹಾಗೆ ಕಾಪಾಡಿದೆ. ಅಂಬಿಕೆ ದಡಾರಕ್ಕೆ ಬಂದಳು, ಕೆಮ್ಮಿಗೆ ಬಂದಳು, ಮೂಗಿನೊಳಗೆ ಹುಣಸೆಬೀಜ ಹಾಕಿಕೊಂಡು ಬಂದಳು. ಪ್ರತಿ ಸಲವೂ ನಾನೇ ಓದಿದೆ, ನಾನೇ ಬರೆದೆ. "ಕಾರ್ಡು ಹಳತಾಯಿತು, ಹೊಸತು ಮಾಡಿಕೊಡುತ್ತೇನೆ" ಎಂದು ಒಮ್ಮೆ ಅಜ್ಜಿಗೆ ಹೇಳಿದೆ. "ಅದೇ ಆಯ್ಕ್ ಅಮ್ಮ, ಅದ್ರ್ ಕಾಲ್ಗುಣ ಒಳ್ಳೆದ್" ಎಂದರು.

ಇವರದೊಂದು ಪದ್ಧತಿಯಿದೆ. ಮಗುವಿಗೆ ಹನ್ನೆರಡು ತುಂಬಿದರೆ ಕರೆದು, 'ಇನ್ನು ನೀನು ದೊಡ್ಡವರ ಡಾಕ್ಟರ ಬಳಿ ಹೋಗು' ಎಂದು ಹೇಳಿ, ತೋಟದ ಒಂದು ತರಕಾರಿ ಕೈಗಿಟ್ಟು, ಕಾರ್ಡಿನ ಕೊನೆಯಲ್ಲಿ ತಾವೇ, ತಮ್ಮದೇ ಅಕ್ಷರದಲ್ಲಿ ಒಂದು ಸಾಲು ಬರೆದು ಸಹಿ ಹಾಕಿ ಕೊಡುವುದು. ಅಂಬಿಕೆಗೂ ಹನ್ನೆರಡು ತುಂಬಿತು. ಎರಡು ಜಡೆ ಹಾಕಿಕೊಂಡು ಅಮ್ಮನ ಜೊತೆ, ಕೋಲೂರಿಕೊಂಡ ಅಜ್ಜಿಯ ಜೊತೆ ಬ್ರಹ್ಮಾವರಕ್ಕೆ ಬಂದಳು. ನಾನು ಕೈ ಚಾಚುವಷ್ಟರಲ್ಲಿ ಜಾಣೆ ಹುಡುಗಿ ಕಾರ್ಡನ್ನು ನೇರ ಇವರ ಕೈಗೇ ಕೊಟ್ಟಳು.

ಇವರು ಕನ್ನಡಕ ಒರೆಸಿ ಹಾಕಿಕೊಂಡರು. ಮೊದಲ ಸಾಲಿನಿಂದ ಓದತೊಡಗಿದರು. ಗಿರಿಜಾ ನನ್ನನ್ನು ನೋಡಿದಳು. ನಾನು ಫ್ಯಾನು ನೋಡಿದೆ. ಇವರ ಬೆರಳು ಐವತ್ತಾರರ ಮೇಲೆ ನಿಂತಿತು. ಅಲ್ಲಿಂದ ಒಣಹುಲ್ಲಿಗೆ ಇಳಿಯಿತು. ಅಲ್ಲಿಂದ ಬೂದಿಗೆ. ಮತ್ತೆ ಹಿಂದಕ್ಕೆ, ಐವತ್ತಾರಕ್ಕೆ. ಅಷ್ಟು ಹೊತ್ತು ಇವರು ಎಕ್ಸ್‌ರೇಯನ್ನೂ ನೋಡಿದ್ದು ನಾನು ಕಂಡಿಲ್ಲ. ಆಮೇಲೆ ತಲೆಯೆತ್ತಿ ಅಂಬಿಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಪೆನ್ನು ತೆರೆದು ಕೊನೆಯಲ್ಲಿ ಏನೋ ಗೀಚಿ ಸಹಿ ಹಾಕಿದರು.

"ಎಂತ ಬರ್ದ್ರ್? ಇರ್ವಿ ಸಾಲ್ ಕಂಡಂಗೆ ಕಾಂತ್" ಎಂದರು ಅಜ್ಜಿ. "ಅಮ್ಮ, ನೀವೇ ಓದ್ ಹೇಳಿ."

ಭೂಮಿಯ ಮೇಲೆ ಅದನ್ನು ಓದಬಲ್ಲವಳು ನಾನೊಬ್ಬಳೇ ತಾನೆ? ಓದಿದೆ: "ಚೆನ್ನಾಗಿ ಬಲಿತಿದೆ. ಬಳ್ಳಿಯಿಂದ ಬಿಡಿಸಬಹುದು."

"ಸಮ ಬರ್ದಿರ್" ಎಂದು ಅಜ್ಜಿ ಕಣ್ಣೊರೆಸಿಕೊಂಡರು. ಗಿರಿಜಾ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಕಣ್ಣಲ್ಲಿ ನೀರು ಅವಳಿಗೂ ಇತ್ತು. ಕಾರಣ ಮಾತ್ರ ಬೇರೆ. ಅಂಬಿಕೆ ಒಂದು ಎಳೆಯ ಕುಂಬಳವನ್ನು ಎದೆಗವಚಿಕೊಂಡು ಹೊರಟಳು.

ಕಾರಿನಲ್ಲಿ ಕುಂದಾಪುರಕ್ಕೆ ಮರಳುತ್ತಿದ್ದೆವು. ಸಾಲಿಗ್ರಾಮ ಹೋಯಿತು. ಕೋಟ ಬಂತು. ಹೇಳಿಬಿಡೋಣವೆಂದು ಗಂಟಲು ಸರಿಮಾಡಿಕೊಂಡೆ. ಇವರು ರಸ್ತೆಯ ಮೇಲಿನ ಕಣ್ಣು ತೆಗೆಯದೆ ಕೇಳಿದರು:

"ಆ ಮಗಿನ್ ಕಾರ್ಡ್ ಎಲ್ಲಿತ್?"

"ಹೊಲಿಗೆ ಡಬ್ಬಿಯಲ್ಲಿ."

"ಕೊಕ್ಕರ್ಣೆ ಫ್ರೆಂಡ್ ಈಗಳ್ ಹುಷಾರಿದ್ಳಾ?"

"ಈಗ ನೋಡಿದಿರಲ್ಲ" ಎಂದೆ.

ಇವರು ಗೇರು ಬದಲಿಸಿದರು. ಹೆಗಲು ಮಾತ್ರ ಕುಲುಕುತ್ತಿತ್ತು. ಆಮೇಲೆ ಕ್ಲಿನಿಕ್ಕಿನ ಅದೇ ಗತ್ತಿನ ಧ್ವನಿಯಲ್ಲಿ ಹೇಳಿದರು: "ಮನೆಗ್ ಹೋದ್ ಕೂಡ್ಲೇ ಅದ್ರಲ್ ಬರ್ಕೋ."

ಇವರು ಹೇಳಿದ್ದನ್ನು ಬರೆಯುವುದೇ ನನ್ನ ಕೆಲಸವಲ್ಲವೇ, ಬರೆದೆ. ಈಗ ಕೈಯಲ್ಲಿರುವ ಈ ಕಾರ್ಡಿನ ಕೊನೆಯ ಸಾಲು ಅದೇ, ನಾಲ್ಕು ಗೆರೆಯ ಕಾಪಿಯ ದುಂಡು ಅಕ್ಷರದಲ್ಲಿ: 'ಕುಂಬಳಕ್ಕೆ ಎರಡನೇ ಡೋಸು ತಪ್ಪಿದೆ.'